ಗುಡುಗು ಡಬ್ಬಿಯ ಟಕ್ ಟಕ್

ಆಗಸ್ಟ್ ೨, ಶನಿವಾರ

ಐಟಿಐನಲ್ಲಿ ನಮ್ಮ ಮೇಷ್ಟ್ರು ಹೇಳುತ್ತಿದ್ದರು: ರಿಪೇರಿಗೆ ಕೂತರೆ ಮೊದಲು ಪುಸ್ತಕ ತೆಗಿ, ಇವತ್ತು ಏನು ಮಾಡಿದೆ ಅಂತ ಬರಿ, ಇಲ್ಲದಿದ್ದರೆ ಅದೇ ತಪ್ಪನ್ನು ಮೂರು ಸಲ ಮಾಡುತ್ತೀಯ. ಅದಕ್ಕೇ ಈ ಪುಸ್ತಕ. ಕೆಲಸದ ವಿಷಯ ಮಾತ್ರ ಬರೆಯಬೇಕು, ಮನೆಯ ರಗಳೆ ಒಂದಕ್ಷರವೂ ಬರೆಯಬಾರದು.

ಕೆಲಸ ಏನೆಂದರೆ, ಹೊನ್ನಾಳಿಯ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುವ ವಿನಯ್ ಕುಮಾರ್ ಅವರಿಗೆ ಒಂದು ಪೆಡಲ್ ಮಾಡಿಕೊಡಬೇಕು. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ನೆಲದ ಮೇಲೆ ಕೂರುವ ಸಣ್ಣ ಡಬ್ಬಿ ಅದು. ಕಾಲಲ್ಲಿ ಒತ್ತಿದರೆ ಗಿಟಾರಿನ ಮೆದು ದನಿ ಗುಡುಗಾಗುತ್ತದೆ. ನಮ್ಮ ಯಜಮಾನರು ಮಂಜುನಾಥ ಮೈಕ್‌ಸೆಟ್ ಇಟ್ಟುಕೊಂಡಿದ್ದಾರಲ್ಲ, ಆ ಆರ್ಕೆಸ್ಟ್ರಾದ ಒಂದು ಕಾರ್ಯಕ್ರಮಕ್ಕೆ ಹೋಗಿದ್ದರು. ಅಲ್ಲಿ ವಿನಯ್ ಅವರ ಪೆಡಲ್ ನಡುವೆಯೇ ಸತ್ತುಹೋಯಿತಂತೆ. “ಅಯ್ಯೋ ಬಿಡ್ರಿ, ನಮ್ಮನೆಯಾಕೆ ಮಾಡ್ತಾಳೆ” ಎಂದು ಈ ಪುಣ್ಯಾತ್ಮರು ಮಾತು ಕೊಟ್ಟು ಬಂದಿದ್ದಾರೆ. ನಾನು ಅಲ್ಲಿಯವರೆಗೆ ಪೆಡಲನ್ನು ಕಣ್ಣಲ್ಲಿ ಕಂಡವಳಲ್ಲ. ಫೋನಿನಲ್ಲಿ ನಕ್ಷೆ ನೋಡಿ, ದಾವಣಗೆರೆಯಿಂದ ಸಾಮಾನು ತರಿಸಿ ಶುರು ಮಾಡಿದ್ದೇನೆ. ವಿನಯ್ ಒಂದು ಹಳೇ ಗಿಟಾರನ್ನೂ ಕಳಿಸಿದ್ದಾರೆ, ಪರೀಕ್ಷೆ ಮಾಡಿಕೊಳ್ಳಲು.

ಗಣೇಶನ ಹಬ್ಬಕ್ಕೆ ಮುಂಚೆ, ಇಪ್ಪತ್ನಾಲ್ಕನೇ ತಾರೀಖು ಭಾನುವಾರ, ಅವರೇ ನಮ್ಮೂರು ಬಿಳಿಚೋಡಿಗೆ ಬಂದು ಕೇಳಿ ನೋಡುತ್ತಾರೆ. ಹಿಡಿಸಿದರೆ ಚನ್ನಗಿರಿ, ನ್ಯಾಮತಿಯ ಗಿಟಾರಿನವರಿಗೆ ಇನ್ನೂ ನಾಲ್ಕು ಬೇಕಂತೆ. ಹಿಡಿಸದಿದ್ದರೆ ಸೆಪ್ಟೆಂಬರ್ ಒಂದರಿಂದ ನಾನು ಜಗಳೂರಿನ ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕಲು ಕೂರಬೇಕು. ಭಾವ ತಿಪ್ಪೇಶಪ್ಪ ಅಂಗಡಿಯವರ ಹತ್ತಿರ ಮಾತಾಡಿ ಇಟ್ಟಿದ್ದಾರೆ. ಅತ್ತೆ ಕೆಂಪಕ್ಕನವರು ಆಗಲೇ ಬಸ್ ಎಷ್ಟೊತ್ತಿಗೆ ಅಂತ ವಿಚಾರಿಸಿಕೊಂಡು ಬಂದಿದ್ದಾರೆ.

“ಫ್ಯಾನ್ ಕೆಳಗೆ ಕೂರೋ ಕೆಲ್ಸ. ಇನ್ನೇನು ಬೇಕು ನಿಂಗೆ? ಇಲ್ಲಿ ಹೊಗೆ ಕುಡ್ಕೊಂಡು ಸೀಸ ಕಾಯ್ಸೋದು ಒಂದು ಬಾಳಾ?” ಎಂದರು.

“ಇಪ್ಪತ್ನಾಲ್ಕಕ್ಕೆ ಪಾಸಾದ್ರೆ ನಾ ಹೋಗಲ್ಲ ಅತ್ತೆ.”

“ಆಗ್ಲಿಲ್ಲ ಅಂದ್ರೆ?”

“ತೆಪ್ಪಗೆ ಹೋಗ್ತೀನಿ.”

ಬಾಯಿಂದ ಬಂದೇಬಿಟ್ಟಿತು. ನನಗೆ ಆ ಅಂಗಡಿ ಬೇಡ. ಈ ಮೇಜು ಬೇಕು. ಇದು ಮನೆ ವಿಷಯವಾಯಿತು, ಇರಲಿ, ಇದೊಂದೇ.

ಆಗಸ್ಟ್ ೪, ಸೋಮವಾರ

ಡಬ್ಬಿ ತಯಾರಾಯಿತು! ಮಿಠಾಯಿ ಅಂಗಡಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಎಲ್ಲ ಕೂರಿಸಿ, ಗಿಟಾರ್ ಸಿಕ್ಕಿಸಿ, ತಂತಿ ಮೀಟಿದೆ. ಅಬ್ಬಾ, ಎಂಥಾ ಗುಡುಗು! ಹಟ್ಟಿಯಲ್ಲಿದ್ದ ಎಮ್ಮೆ ಎದ್ದು ನಿಂತಿತು. ಆದರೆ ತಂತಿಯ ಮೇಲಿನ ಕೈ ತೆಗೆದರೂ ಸುಮ್ಮನಾಗಲಿಲ್ಲ. ಕೆಳಗೆ ಒಂದೇ ಸಮ ಗೊಂಯ್ ಎನ್ನುತ್ತಿತ್ತು.

ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಅತ್ತೆ ಬಂದು ನೋಡಿದರು.

“ಸದ್ದು ಮಾಡಾಕೆ ಡಬ್ಬಿ ಮಾಡಿದ್ದು ನೀನೇ. ಸದ್ದು ಮಾಡ್ತೈತೆ ಅಂತ ಅಳೋದೂ ನೀನೇ. ನಿನ್ನ ಯಾವ ಡಾಕ್ಟ್ರಿಗೆ ತೋರ್ಸಾನ?”

ಅರ್ಧ ಗಂಟೆ ಕೂರಿಸಿಕೊಂಡು ಹೇಳಿದೆ. ಬೇಕಾದ ಸದ್ದು ಬೇರೆ, ಬೇಡದ ಸದ್ದು ಬೇರೆ, ಈ ಡಬ್ಬಿ ಒಳಗೆ ಬಂದದ್ದನ್ನೆಲ್ಲ ನೂರು ಪಟ್ಟು ದೊಡ್ಡದು ಮಾಡುತ್ತದೆ, ಅದಕ್ಕೆ ಬೇಕು ಬೇಡ ಗೊತ್ತಾಗುವುದಿಲ್ಲ ಅಂತ.

“ಹಂಗಾದ್ರೆ ನಮ್ಮ ತಿಪ್ಪೇಶನ ಹೆಂಡ್ತಿ ಇದ್ದಂಗೆ ಅನ್ನು” ಎಂದು ಎದ್ದು ಹೋದರು. ಓರಗಿತ್ತಿಯ ವಿಷಯದಲ್ಲಿ ಮಾತ್ರ ನಮ್ಮಿಬ್ಬರದು ಒಂದೇ ಅಭಿಪ್ರಾಯ.

ಆಗಸ್ಟ್ ೫, ಮಂಗಳವಾರ

ಗೊಂಯ್ ಸಿಕ್ಕಿತು. ಕರೆಂಟಿನಿಂದ ಡಬ್ಬಿಗೆ ಜೀವ ಕೊಡುತ್ತಿದ್ದ ಅಗ್ಗದ ಅಡಾಪ್ಟರ್‌ನದು ಅದು. ಒಂಬತ್ತು ವೋಲ್ಟಿನ ಬ್ಯಾಟರಿ ಹಾಕಿದೆ, ಗೊಂಯ್ ಮಾಯ. ಖುಷಿಯಿಂದ ಎರಡು ಕೈ ತಟ್ಟಿದೆ.

ಆ ಮೌನದಲ್ಲಿ ಯಾರೋ ಗಂಡಸು ಮಾತಾಡತೊಡಗಿದ. ನಿಜವಾಗಿ! ನನ್ನ ಡಬ್ಬಿಯೊಳಗಿಂದ, ಮೂಗಿನಲ್ಲಿ, ಮೆಕ್ಕೆಜೋಳದ ಸುಳಿಯಲ್ಲಿ ಹುಳ ಬಿದ್ದರೆ ಏನು ಮಾಡಬೇಕು ಎಂದು ವಿವರಿಸುತ್ತಿದ್ದ. ಪ್ಲಾಸ್ಟಿಕ್ ಡಬ್ಬಿ ತಡೆಯುವುದಿಲ್ಲ, ಒಳಗಿನ ವೈರುಗಳೇ ರೇಡಿಯೋದ ಏರಿಯಲ್ ಆಗಿಬಿಟ್ಟಿವೆ. ಬಿಚ್ಚಲು ಕೈ ಹಾಕಿದರೆ ಅತ್ತೆ ಕೈ ಹಿಡಿದರು.

“ಏ, ತಡಿಯೇ ದುರ್ಗಿ! ಇನ್ನೂ ಮದ್ದು ಹೇಳಿಲ್ಲ ಅವ್ನು!”

ಮದ್ದು ಹೇಳಿ ಮುಗಿಸುವ ತನಕ ಕಾಯಬೇಕಾಯಿತು. ಪಕ್ಕದ ಹೊಲದ ಬೋರಣ್ಣನನ್ನೂ ಕೂಗಿ ಕರೆದು ಕೂರಿಸಿದ್ದರು. ಬೋರಣ್ಣ ಹೋಗುವಾಗ “ಚೆನ್ನಾಗಿ ಮಾಡೀಯ ತಂಗಿ, ರೇಡಿಯೋನ” ಎಂದ. ನನ್ನ ಉಪವಾಸ ವನವಾಸ ಯಾರಿಗೆ ಗೊತ್ತು.

ಆಗಸ್ಟ್ ೭, ಗುರುವಾರ

ಲೋಹದ ಡಬ್ಬಿ ಬೇಕಿತ್ತು. ಅಳತೆಗೆ ಸರಿಯಾಗಿ ಮನೆಯಲ್ಲಿ ಇದ್ದದ್ದು ಒಂದೇ, ಅತ್ತೆಯ ಅಲ್ಯೂಮಿನಿಯಂ ಎಲೆ ಅಡಿಕೆ ಡಬ್ಬಿ. ಅವರು ವರಮಹಾಲಕ್ಷ್ಮಿಗೆ ಹೂವು ತರಲು ಹೋಗಿದ್ದರು. ಎಲೆ, ಅಡಿಕೆ, ಸುಣ್ಣವನ್ನು ಮರ್ಯಾದೆಯಾಗಿ ಒಂದು ತಟ್ಟೆಗೆ ಎತ್ತಿಟ್ಟು, ಡಬ್ಬಿಗೆ ಐದು ತೂತು ಕೊರೆದೆ.

ರೇಡಿಯೋ ಬಂದ್. ಡಬ್ಬಿ ಕೈಯಲ್ಲಿ ಹಿಡಿದರೆ ಗಟ್ಟಿಮುಟ್ಟಾಗಿದೆ, ಮುಚ್ಚಳ ಬಿಗಿಯಾಗಿ ಕೂರುತ್ತದೆ.

ಅತ್ತೆ ವಾಪಸ್ ಬಂದಮೇಲೆ ಆದದ್ದು ಮನೆ ವಿಷಯ, ಬರೆಯುವುದಿಲ್ಲ.

ಆಗಸ್ಟ್ ೯, ಶನಿವಾರ

ಬರೆಯುತ್ತೇನೆ. ಎರಡು ದಿನದಿಂದ ಮಾತಿಲ್ಲ. ಎಲೆ ಅಡಿಕೆಯನ್ನು ಸೆರಗಿಗೆ ಗಂಟು ಕಟ್ಟಿಕೊಂಡಿದ್ದಾರೆ. ನನ್ನ ಮೇಜಿನ ಮುಂದೆ ಹಾದುಹೋಗುವಾಗಲೇ ಆ ಗಂಟು ಬಿಚ್ಚಬೇಕು, ನಿಟ್ಟುಸಿರು ಬಿಡಬೇಕು, ಮತ್ತೆ ಕಟ್ಟಬೇಕು. ದಿನಕ್ಕೆ ಹತ್ತು ಸಲ. ತಪ್ಪಾಯ್ತು ಎಂದೆ. ಗೋಡೆಯ ಕಡೆ ತಿರುಗಿ “ಯಾರ ಜೊತೆ ಮಾತಾಡ್ತಾವ್ರೋ ಏನೋ” ಎಂದರು. ಕೇಳಿಯೇ ತೆಗೆದುಕೊಳ್ಳಬೇಕಿತ್ತು, ಅದು ಅವರ ತಾಯಿ ಕೊಟ್ಟ ಡಬ್ಬಿಯಂತೆ.

ಮನೆ ಇಷ್ಟು ಶಾಂತವಾಗಿದ್ದದ್ದಕ್ಕೇ ಇರಬೇಕು, ಇವತ್ತು ಹೊಸದೊಂದು ಕೇಳಿಸಿತು. ಟಕ್. ಸ್ವಲ್ಪ ತಡೆದು ಮತ್ತೆ ಟಕ್. ಮತ್ತೆ ಟಕ್.

ಆಗಸ್ಟ್ ೧೧, ಸೋಮವಾರ

ಎಲ್ಲ ಬೆಸುಗೆ ತೆಗೆದು ಮತ್ತೆ ಹಾಕಿದೆ. ಟಕ್. ಕೆಪಾಸಿಟರ್ ಬದಲಾಯಿಸಿದೆ. ಟಕ್. ಡಬ್ಬಿ ಬಿಟ್ಟು ಗಿಟಾರನ್ನು ನೇರ ಆಂಪ್ಲಿಫೈಯರಿಗೆ ಕೊಟ್ಟರೆ ಟಕ್ ಕೇಳುವುದಿಲ್ಲ, ಹಾಗಾದರೆ ತಪ್ಪು ಡಬ್ಬಿಯದೇ ತಾನೆ?

ಯಜಮಾನರು ಊಟಕ್ಕೆ ಬಂದವರು ಎರಡು ನಿಮಿಷ ಕೇಳಿ “ಗಡಿಯಾರದ್ದಿರ್ಬೇಕು ನೋಡು” ಎಂದು ಗೋಡೆ ಗಡಿಯಾರದ ಸೆಲ್ ಕಿತ್ತುಹಾಕಿ ಹೋದರು. ಟಕ್ ನಿಲ್ಲಲಿಲ್ಲ, ಗಡಿಯಾರ ನಿಂತಿತು. ಸಂಜೆ ಹಾಲಿನ ಡೇರಿ ಮುಚ್ಚಿದ ಮೇಲೆ ನಾನು ಹಾಲು ತೆಗೆದುಕೊಂಡು ಹೋದೆ.

ಆಗಸ್ಟ್ ೧೩, ಬುಧವಾರ

ಮೂರನೇ ಬೋರ್ಡು. ಟಕ್.

ಆಗಸ್ಟ್ ೧೪, ಗುರುವಾರ

ಇವತ್ತು ಅತ್ತುಬಿಟ್ಟೆ. ಬಟ್ಟೆ ಅಂಗಡಿಯಲ್ಲಿ “ಇನ್ನೊಂದು ಸೀರೆ ತೋರಿಸ್ಲಾ ಅಕ್ಕಾ” ಎನ್ನುವುದನ್ನು ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡೆ. ಆಮೇಲೆ ನೆನಪಾಯಿತು, ಬಿಲ್ ಹಾಕುವವರು ಸೀರೆ ತೋರಿಸುವುದೂ ಇಲ್ಲ. ಇನ್ನೂ ಅಳು ಬಂತು.

ಅತ್ತೆ ಒಳಗಿಂದ ಬಂದು ಮೇಜಿನ ಪಕ್ಕ ನಿಂತರು. ಏಳು ದಿನವಾದ ಮೇಲೆ ಮೊದಲ ಮಾತು.

“ಅದು ಒಳಗಿಂದಲ್ಲ.”

“ಯಾವ್ದು ಅತ್ತೆ?”

“ಅದೇ, ಟಕ್ ಅನ್ನೋದು. ಕೆಟ್ಟು ಬಡ್ಕೊಳೋ ಸಾಮಾನು ಒಂದೇ ಸಮ ಬಡ್ಕೊಳಲ್ಲ, ಒಂದ್ಸಲ ಜಲ್ದಿ, ಒಂದ್ಸಲ ನಿಧಾನ. ಇದು ಯಾರೋ ಲೆಕ್ಕ ಇಟ್ಟು ಹೊಡೆದಂಗೈತೆ. ಹೊರಗಿಂದ ಬರ್ತೈತೆ.”

ನಾನು ಕಣ್ಣು ಒರೆಸಿಕೊಂಡು, ಕರೆಂಟಿನ ವಿಷಯ ನಿಮಗೇನು ಗೊತ್ತು ಎನ್ನುವ ಹಾಗೆ ನೋಡಿರಬೇಕು.

“ನಿಮ್ಮ ಮಾವ ಇರೋವಾಗ ಮೋಟ್ರು ನೀರಿಲ್ದೆ ತಿರುಗ್ತೈತೆ ಅಂತ ಒಲೆ ಮುಂದೆ ಕೂತು ಹೇಳ್ತಿದ್ದೆ ನಾನು. ತ್ರೀ ಫೇಸು ಬಂತೋ ಇಲ್ಲೋ, ಟ್ರಾನ್ಸ್‌ಫಾರ್ಮರ್ ಸದ್ದಲ್ಲೇ ಗೊತ್ತಾಗ್ತೈತೆ ನಂಗೆ. ಐಟಿಐಗೆ ಹೋಗಿಲ್ಲ ಅಷ್ಟೇ.”

ಹೌದು, ಅವರು ಹೇಳುವುದು ಸರಿ. ಒಂದೇ ಸಮ ಹೊಡೆಯುತ್ತಿದೆ. ಇದನ್ನು ನಾನು ಮೊದಲ ದಿನವೇ ಬರೆದಿಟ್ಟುಕೊಳ್ಳಬೇಕಿತ್ತು.

ಆಗಸ್ಟ್ ೧೬, ಶನಿವಾರ

ಬೆಳಿಗ್ಗೆ ಹತ್ತು ಗಂಟೆ ಸುಮಾರಿಗೆ ಅತ್ತೆ ಹುಲ್ಲು ಕೊಯ್ದುಕೊಂಡು ಬರುತ್ತಿದ್ದರು. ತಲೆ ಮೇಲೆ ಹೊರೆ, ಒಂದು ಕೈ ಹೊರೆಗೆ, ಇನ್ನೊಂದು ಕೈ ತೊಡೆಗೆ ಬಡಿಯುತ್ತಿದೆ. ದಾರಿಯಲ್ಲಿ ಸಿಕ್ಕವರು ಯಾರು ಮಾತಾಡಿಸಿದರೂ ಉತ್ತರವಿಲ್ಲ, ಬಾಯಿ ಬಿಗಿದುಕೊಂಡು ಬಡಿಯುತ್ತಲೇ ಬಂದರು. ಆಯಮ್ಮನಿಗೆ ಏನೋ ಆಗಿಹೋಯಿತು ಎಂದು ನಾನು ಗಾಬರಿಯಾದೆ.

ನೇರ ನನ್ನ ಮೇಜಿನ ಹತ್ತಿರ ಬಂದು ಆಂಪ್ಲಿಫೈಯರ್ ಕಡೆ ಕಣ್ಣು ತೋರಿಸಿದರು. ಹಾಕಿದೆ. ಟಕ್, ತೊಡೆಗೆ ಒಂದು ಪೆಟ್ಟು. ಟಕ್, ಇನ್ನೊಂದು. ಹತ್ತು ಸಲ ಎಣಿಸಿದೆವು, ಎರಡರ ನಡುವಿನ ಹೊತ್ತು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ.

“ಬೋರಣ್ಣನ ಬೇಲಿ!” ಎಂದು ಆಮೇಲೆ ಹೊರೆ ಇಳಿಸಿದರು.

ಅಯ್ಯೋ ನನ್ನ ಕರ್ಮವೇ! ಬೋರಣ್ಣ ಮೆಕ್ಕೆಜೋಳದ ಸುತ್ತ ತಂತಿ ಎಳೆದು ಸೋಲಾರ್ ಮಷಿನ್ ಇಟ್ಟಿದ್ದಾನೆ. ಅದು ಸೆಕೆಂಡಿಗೊಂದು ಸಲ ಟಕ್ ಎಂದು ತಂತಿಗೆ ಶಾಕ್ ಬಿಡುತ್ತದೆ. ಆ ತಾಳ ತಪ್ಪದಂತೆ ಅತ್ತೆ ಹೊಲದಿಂದ ತೊಡೆ ಬಡಿಯುತ್ತ ತಂದಿದ್ದರು. ಎಲ್ಲರೂ ರಾತ್ರಿ ಕಾಡುಹಂದಿಗೆ ಹಾಕುತ್ತಾರೆ, ಬೋರಣ್ಣನಿಗೆ ಊರಿನ ಮೇಕೆಗಳ ಮೇಲೂ ಅನುಮಾನ, ಹಗಲೂ ಹಾಕಿರುತ್ತಾನೆ. ಆದರೆ ಹೊಲದಲ್ಲಿರುವ ಮಷಿನ್ ನನ್ನ ಡಬ್ಬಿಯೊಳಗೆ ಹೇಗೆ ಬಂತು?

ಆಗಸ್ಟ್ ೧೭, ಭಾನುವಾರ

ಜಗಳಕ್ಕೆ ಸೆರಗು ಕಟ್ಟಿಕೊಂಡೇ ಹೋದೆ, ಅತ್ತೆಯೂ ಜೊತೆಗೆ ಬಂದರು. “ನಿನ್ನ ಮಷಿನ್ ಅರ್ತ್ ವೈರ್ ಎಲ್ಲಿಗೆ ಹೋಗೈತೆ ತೋರ್ಸು ಬೋರಣ್ಣ” ಎಂದೆ. ಶಾಕ್ ಮಷಿನ್ನಿನಿಂದ ಒಂದು ವೈರು ಭೂಮಿಗೆ ಇಳಿಯಲೇಬೇಕು. ಆ ವೈರಿನ ಹಿಂದೆಯೇ ನಡೆದೆವು. ಬದುವಿನ ಮೇಲೆ, ಕಳ್ಳಿಸಾಲಿನ ಕೆಳಗೆ, ನಮ್ಮ ಹಿತ್ತಲಿಗೇ ಬಂತು.

ಹಿತ್ತಲಲ್ಲಿ ಮಾವನವರ ಕಾಲದ ಬೋರ್‌ವೆಲ್ ಇದೆ. ನೀರು ಬರಲಿಲ್ಲ, ಕಬ್ಬಿಣದ ಕೇಸಿಂಗ್ ಪೈಪ್ ಮಾತ್ರ ಉಳಿದಿದೆ. ಆ ಪೈಪಿನ ಕುತ್ತಿಗೆಗೆ ಬೋರಣ್ಣನ ವೈರು ಸುತ್ತಿತ್ತು. ಅದರ ಮೇಲೆ ಹಿಟ್ಟಿನ ಗಿರಣಿಯದು. ಅದರ ಮೇಲೆ ಆಚೆ ಮನೆಯ ಮಿಕ್ಸಿಯದು. ಗುಡಿಯ ಮೈಕಿನದು. ಎಲ್ಲಕ್ಕಿಂತ ಕೆಳಗೆ ನಮ್ಮ ಮನೆಯದು. ಬೀದಿಯ ಅರ್ತ್ ಎಲ್ಲ ಒಂದೇ ಪೈಪಿಗೆ! ಬೋರಣ್ಣನ ಶಾಕ್ ಅದರ ಮೂಲಕ ನಮ್ಮ ಪ್ಲಗ್ಗಿಗೆ ಬಂದು, ಆಂಪ್ಲಿಫೈಯರಿಗೆ ನುಗ್ಗಿ, ಗುಡುಗು ಡಬ್ಬಿಯಲ್ಲಿ ದೊಡ್ಡದಾಗಿ ಕೂಗುತ್ತಿತ್ತು.

“ಯಾವ ತಲೆ ಕೆಟ್ಟೋನು ಹೇಳಿದ್ದು ನಿಮಗೆಲ್ಲ, ಒಂದೇ ಪೈಪಿಗೆ ಕಟ್ಟಿ ಅಂತ?” ಎಂದು ಬಾಯಿ ಮಾಡಿದೆ.

ಬೋರಣ್ಣ ನನ್ನ ಮುಖವನ್ನೇ ನೋಡಿದ. “ನೀನೇ ಅಲ್ಲೇನು ತಂಗಿ?”

ಹೌದು, ನಾನೇ. ಮೂರು ವರ್ಷದ ಹಿಂದೆ, ಮದುವೆಯಾಗಿ ಬಂದ ಹೊಸದರಲ್ಲಿ, ಓದಿದವಳು ಎಂದು ತೋರಿಸಿಕೊಳ್ಳಬೇಕಿತ್ತಲ್ಲ. ಒಣ ನೆಲದಲ್ಲಿ ಅರ್ತ್ ಗುಂಡಿ ಯಾಕೆ ತೋಡ್ತೀರಿ, ಅಷ್ಟು ಆಳದ ಪೈಪ್ ಸುಮ್ಮನೆ ಬಿದ್ದಿದೆ, ಕಟ್ಟಿಕೊಳ್ಳಿ ಎಂದು ಮನೆಮನೆಗೆ ಹೇಳಿದ್ದೆ. ಭೇಷ್ ಎಂದಿದ್ದರು. ಕಾಫಿ ಬೇರೆ ಕೊಟ್ಟಿದ್ದರು.

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮೈಯೆಲ್ಲ ಅಲುಗುತ್ತಿತ್ತು, ನಗುತ್ತಿದ್ದಾರೆ ಎಂದು ಕುರುಡನಿಗೂ ಗೊತ್ತಾಗುತ್ತಿತ್ತು. ನಕ್ಕು ಮುಗಿದಮೇಲೆ ಬೋರಣ್ಣನಿಗೇ ತಿರುಗಿದರು.

“ಅವಳಿಗೆ ಆಗ ಮದ್ವೆಯಾಗಿ ಮೂರು ತಿಂಗ್ಳು, ಏನೋ ಹೇಳಿದ್ಲು. ನಿಂಗೆ ಅರವತ್ತು ವರ್ಷ, ಕೇಳ್ಕೊಂಡು ಕಟ್ಟಾಕೆ ನಿಂಗೇನಾಗಿತ್ತು? ನಡಿ, ಗುದ್ದಲಿ ತಗಂಬಾ.”

ಆಗಸ್ಟ್ ೧೯, ಮಂಗಳವಾರ

ಎರಡು ದಿನ ಗುಂಡಿ. ನಮ್ಮ ಮನೆಗೊಂದು, ಬೋರಣ್ಣನ ಮಷಿನ್ನಿಗೆ ಹೊಲದ ಆ ತುದಿಯಲ್ಲಿ ಒಂದು. ಇದ್ದಿಲು, ಉಪ್ಪು, ನೀರು, ಎಲ್ಲ ಪದ್ಧತಿ ಪ್ರಕಾರ. ಬೋರಣ್ಣ ಉಪ್ಪಿಗೆ ಹಿಂದೆಮುಂದೆ ನೋಡಿದ, ಅತ್ತೆ ಅವನ ಅಡುಗೆಮನೆಗೇ ಹೋಗಿ ಚೀಲ ಎತ್ತಿಕೊಂಡು ಬಂದರು. ಗಿರಣಿಯವರಿಗೂ ಗುಡಿಯವರಿಗೂ ನಾನೇ ಹೋಗಿ ನನ್ನ ತಪ್ಪು ಎಂದು ಒಪ್ಪಿಕೊಂಡು ಬಂದೆ. ಈ ಸಲ ಕಾಫಿ ಕೊಡಲಿಲ್ಲ. ಅಂಗೈಯಲ್ಲಿ ಬೊಬ್ಬೆ.

ಬಂದು ಕೇಳಿದರೆ ಟಕ್ ಮುಕ್ಕಾಲು ಹೋಗಿದೆ. ಕಾಲು ಉಳಿದಿದೆ.

ಆಗಸ್ಟ್ ೨೧, ಗುರುವಾರ

ಉಳಿದ ಕಾಲು ಎಲ್ಲಿಂದ ಎಂದು ನನಗೆ ಅಂದಾಜಿತ್ತು. ಬೇಲಿಯ ತಂತಿಗೆ ಎಲ್ಲೋ ಗಿಡ ತಾಗಿದರೆ ಕಿಡಿ ಹಾರುತ್ತದೆ, ಆ ಕಿಡಿ ಗಾಳಿಯಲ್ಲೇ ಬರುತ್ತದೆ. ಆದರೆ ನಾಲ್ಕು ಎಕರೆ ಬೇಲಿಯಲ್ಲಿ ಎಲ್ಲಿ ಹುಡುಕುವುದು? ಕಣ್ಣು ನೋಯುವಷ್ಟು ನೋಡಿದೆ. ಕಾಣಲಿಲ್ಲ.

“ಕಣ್ಣಲ್ಲಿ ಏನು ನೋಡ್ತೀಯ ಸದ್ದನ್ನ?” ಎಂದು ಅತ್ತೆ ಬೇಲಿಯ ಪಕ್ಕ ತಲೆ ಒಂದು ಕಡೆ ವಾಲಿಸಿಕೊಂಡು ನಡೆದರು. ಎರಡು ಸುತ್ತು. ಮೂರನೇ ಸುತ್ತಿನಲ್ಲಿ ಹುಣಸೇಮರದ ಹತ್ತಿರ ನಿಂತರು. “ಇಲ್ಲಿ ಚಟ್ ಅಂತೈತೆ.” ಹೌದು, ಬಳ್ಳಿಯ ಮರೆಯಲ್ಲಿ ಬೆರಳಷ್ಟು ಉದ್ದದ ಜಾಲಿ ಕಡ್ಡಿ ತಂತಿಗೆ ತಾಗುತ್ತಿತ್ತು.

ತಡೀರಿ, ಮಷಿನ್ ಆಫ್ ಮಾಡಿಸ್ತೀನಿ ಎನ್ನುವಷ್ಟರಲ್ಲಿ ಕೈ ಹಾಕಿ ಕಿತ್ತರು. ಬೋರಣ್ಣನಿಗೂ, ಅವನ ಮಷಿನ್ನಿಗೂ, ಅದನ್ನು ಮಾರಿದವನಿಗೂ, ಅವನ ಮುತ್ತಾತನಿಗೂ ಅವರು ಬೈದ ಬೈಗುಳ ಬಸ್‌ಸ್ಟ್ಯಾಂಡಿನವರೆಗೆ ಕೇಳಿಸಿರುತ್ತದೆ. ಅವರ ಕೈ ಹಿಡಿದು ತಿಕ್ಕುತ್ತ ನಾನೂ ಬಾಯಿಗೆ ಬಂದಂತೆ ಬೈದೆ, ವಯಸ್ಸಾಯ್ತು, ಬುದ್ಧಿ ಬೇಡವಾ, ಏನಾದ್ರೂ ಹೆಚ್ಚುಕಡಿಮೆ ಆಗಿದ್ರೆ ನಾ ಏನು ಮಾಡ್ಲಿ ಅಂತ. ಯಾರಿಂದಲೂ ಒಂದು ಮಾತು ಕೇಳದ ಆಯಮ್ಮ ಸುಮ್ಮನೆ ಬೈಸಿಕೊಂಡರು.

ಮನೆಗೆ ಬಂದು ಆಂಪ್ಲಿಫೈಯರ್ ಹಾಕಿದೆವು. ಏನೂ ಇಲ್ಲ. ಒಂದು ಚೂರೂ ಇಲ್ಲ. ಇಬ್ಬರೂ ಅದರ ಮುಂದೆ ಕೂತು ಕಾಲು ಗಂಟೆ ಏನೂ ಇಲ್ಲದ್ದನ್ನು ಕೇಳಿದೆವು. ಯಜಮಾನರು ಬಾಗಿಲಲ್ಲಿ ನಿಂತು ನೋಡಿ ಹೊರಗೆ ಹೋದರು.

ಆಗಸ್ಟ್ ೨೪, ಭಾನುವಾರ

ವಿನಯ್ ಕುಮಾರ್ ಹನ್ನೊಂದಕ್ಕೆ ಬಂದರು. ಒಳ್ಳೇ ಮನುಷ್ಯರು, ಮಾತು ಕಡಿಮೆ. ತಮ್ಮ ಗಿಟಾರ್, ತಮ್ಮದೇ ವೈರು ತಂದಿದ್ದರು. ಸಿಕ್ಕಿಸಿದರು. ಒತ್ತಿದರು.

ಗೊಂಯ್.

ಮೂರು ವಾರ, ಮೂರು ಬೋರ್ಡು, ಎರಡು ಗುಂಡಿ, ಎಲ್ಲ ನೀರಲ್ಲಿ ಹೋಮ. ವಿನಯ್ ಮುಖ ಸಣ್ಣದು ಮಾಡಿಕೊಂಡು “ಪರವಾಗಿಲ್ಲ ಮೇಡಂ, ಮೊದ್ಲನೇ ಸಲ ಅಲ್ವಾ, ಸ್ವಲ್ಪ ಸದ್ದು ಬಂದೇ ಬರ್ತೈತೆ” ಎಂದರು. ಆ ಪರವಾಗಿಲ್ಲ ಎನ್ನುವ ಮಾತಿಗಿಂತ ಎರಡು ಬೈದಿದ್ದರೆ ಚೆನ್ನಾಗಿತ್ತು. ಯಜಮಾನರು ಸೂರು ನೋಡುತ್ತಿದ್ದರು. ನಾನು ಡಬ್ಬಿ ಎತ್ತಿಕೊಳ್ಳಲು ಬಗ್ಗಿದೆ. ಜಗಳೂರಿನ ಬಸ್ಸು ಬೆಳಿಗ್ಗೆ ಎಂಟೂ ಹತ್ತಕ್ಕೆ.

ಹೊಸ್ತಿಲ ಹತ್ತಿರ ಹೆಸರುಕಾಳು ಹಸನು ಮಾಡುತ್ತಿದ್ದ ಅತ್ತೆ ಮೊರ ನಿಲ್ಲಿಸಿದರು.

“ಅದು ನಮ್ಮ ಸದ್ದಲ್ಲ.”

ಎಲ್ಲರೂ ಅವರ ಕಡೆ ತಿರುಗಿದೆವು.

“ನಮ್ಮ ಡಬ್ಬಿ ಸದ್ದೆಲ್ಲ ನಂಗೊತ್ತು. ಮೂರು ವಾರ ಸಂಸಾರ ಮಾಡೀನಿ ಅವುಗಳ ಜೊತೆ. ಮೊದ್ಲನೇ ಗೊಂಯ್ ದಪ್ಪಕ್ಕಿತ್ತು, ಇದ್ರಲ್ಲಿ ಒಂದು ಚರಚರ ಸೇರ್ಕೊಂಡೈತೆ. ಏನಪ್ಪಾ, ಆ ನಿನ್ನ ವೈರ್‌ನ ಬುಡದಾಗೆ ಸ್ವಲ್ಪ ಅಲ್ಲಾಡ್ಸು.”

ವಿನಯ್ ಅಲ್ಲಾಡಿಸಿದರು. ಚರ್ರ್ ಎಂದು ಗೊಂಯ್ ಹೋಯಿತು. ಬಿಟ್ಟರು, ಬಂತು. ಪಿನ್ನಿನೊಳಗೆ ಅವರ ವೈರಿನ ಹೊರಸುತ್ತು, ಹೊರಗಿನ ಸದ್ದು ತಡೆಯುವ ತಂತಿ, ಹರಿದಿತ್ತು. ನಾನು ಓಡಿಹೋಗಿ ನಮ್ಮ ವೈರು ತಂದು ಸಿಕ್ಕಿಸಿದೆ.

ಮೌನ. ವಿನಯ್ ಡಬ್ಬಿಯ ಕಡೆ ಬಗ್ಗಿ “ಆನ್ ಆಗೈತಾ ಮೇಡಂ?” ಎಂದರು.

“ಹೊಡೀರಿ” ಎಂದೆ.

ಹೊಡೆದರು. ಹಂಚಿನ ಮೇಲಿದ್ದ ಪಾರಿವಾಳಗಳೆಲ್ಲ ಹಾರಿಹೋದವು. ವಿನಯ್ ನಕ್ಕರು, ನಿಲ್ಲಿಸದೆ ಅರ್ಧ ಗಂಟೆ ನುಡಿಸಿದರು, ಬೋರಣ್ಣ ಹೊಲದಿಂದ ಬಂದು ನಿಂತು ಕೇಳಿದ. ಉಳಿದ ನಾಲ್ಕೂ ಡಬ್ಬಿ ನಾವೇ ಮಾಡಬೇಕಂತೆ. ಊಟ ಮಾಡಿಕೊಂಡು ಹೋದರು. ಹೋಗುವಾಗ ಅತ್ತೆಗೆ ಕೈ ಮುಗಿದರು.

ಆಗಸ್ಟ್ ೩೦, ಶನಿವಾರ

ಹಬ್ಬದ ಗಲಾಟೆಯಲ್ಲಿ ಬರೆದಿಲ್ಲ. ಎರಡನೇ ಡಬ್ಬಿಗೆ ಬೆಸುಗೆ ಮುಗಿಯುತ್ತಾ ಬಂತು.

ಮಧ್ಯಾಹ್ನ ಭಾವ ತಿಪ್ಪೇಶಪ್ಪ ಫೋನ್ ಮಾಡಿದರು, ಸೋಮವಾರ ಅಂಗಡಿಗೆ ಎಷ್ಟೊತ್ತಿಗೆ ಬರಬೇಕು ಎಂದು ಹೇಳಲು. ನನ್ನ ಕೈಯಲ್ಲಿ ಕಾದ ಸಾಲ್ಡರಿಂಗ್ ಕಡ್ಡಿ ಇತ್ತು. ಫೋನನ್ನು ಅತ್ತೆ ಎತ್ತಿ, ಸ್ಪೀಕರಿಗೆ ಹಾಕಿ, ಮೇಜಿನ ಮೇಲೆ ಇಟ್ಟರು.

“ಬ್ಯಾರೆ ಯಾರನ್ನಾದ್ರೂ ನೋಡ್ಕೋ ಅಂತ ಹೇಳು ಅಂಗಡಿಯೋರಿಗೆ. ಇಲ್ಲಿ ಇನ್ನೂ ನಾಲ್ಕು ಡಬ್ಬಿ ಮಾಡಾಕೈತೆ. ನಮಗೆ ಪುರಸೊತ್ತಿಲ್ಲ.”

“ನಮಗೆ ಅಂದ್ರೆ? ನಿನಗೇನ್ ಬರ್ತೈತಮ್ಮಾ ಆ ಕೆಲ್ಸ?”

“ಕೇಳಾಕೆ ಬರ್ತೈತೆ” ಎಂದು ಫೋನ್ ಇಟ್ಟರು.

ಎರಡನೇ ಡಬ್ಬಿಯಲ್ಲಿ ಎಲ್ಲೋ ಸಣ್ಣಗೆ ಕುಯ್ ಎನ್ನುತ್ತಿದೆ ಅಂತಾರೆ ಅತ್ತೆ. ಕಿವಿ ಒತ್ತಿ ಹತ್ತು ಸಲ ಕೇಳಿದೆ, ನನಗೇನೂ ಕೇಳಿಸುತ್ತಿಲ್ಲ. ನಾಳೆ ಬೆಳಿಗ್ಗೆ ಎದ್ದು ಪೂರ್ತಿ ಬಿಚ್ಚಬೇಕು.